ಸಹಾಯ ಕೇಳೋದು ಬೇರೆ, ಕೇಸು ಹಾಕೋದು ಬೇರೆ

ತಂಗಿ,

ನೀವು ಬರೆದದ್ದನ್ನು ಪೂರ್ತಿ ಓದಿದೆ. ಮದುವೆಯಾಗಿ ಎಚ್-4ರಲ್ಲಿ, ಅಂದರೆ ಗಂಡನ ಎಚ್-1ಬಿ ಕೆಲಸದ ವೀಸಾದ ಮೇಲೆ ಹೆಂಡತಿಗೆ ಸಿಗುವ ವೀಸಾದಲ್ಲಿ, ಕ್ಯಾಲಿಫೋರ್ನಿಯಾದ ಸನಿವೇಲ್‌ಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಗಂಡ ಕೈ ಮಾಡುತ್ತಾರೆ. ಪಾಸ್‌ಪೋರ್ಟ್ ಅವರ ಹತ್ತಿರ ಇದೆ, ದುಡ್ಡು ನಿಮ್ಮ ಕೈಗೆ ಬರುವುದಿಲ್ಲ. ಬೇಡ ಅಂದರೂ ರಾತ್ರಿ ಬಿಡುವುದಿಲ್ಲ, ಇದನ್ನೂ ಯಾರಿಗಾದರೂ ಹೇಳಬಹುದಾ ಅಂತ ಕೇಳಿದ್ದೀರಿ. ಬಾಯಿ ಬಿಟ್ಟರೆ ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಕಳಿಸ್ತೀನಿ ಅಂದಿದ್ದಾರೆ. ಅಮ್ಮ ಹೊಂದಿಕೊಂಡು ಹೋಗು ಅನ್ನುತ್ತಾರೆ. ಪೊಲೀಸು, ಕೋರ್ಟು ಏನೂ ಬೇಡ, ಆದರೂ ಸಹಾಯ ಸಿಗುತ್ತಾ ಅನ್ನುವುದು ನಿಮ್ಮ ಪ್ರಶ್ನೆ.

ಸಿಗುತ್ತದೆ. ನಾನು ಇಲ್ಲಿಗೆ ಬಂದು ಬಹಳ ವರ್ಷಗಳಾದವು, ಒಂದಷ್ಟು ಕಾಲ ಮನೆಯಲ್ಲಿ ಹಿಂಸೆ ಅನುಭವಿಸುವ ಹೆಂಗಸರ ಸಹಾಯವಾಣಿಯಲ್ಲಿ ಫೋನ್ ಎತ್ತುವ ಕೆಲಸವನ್ನೂ ಮಾಡಿದ್ದೇನೆ. ಒಂದು ಸಲ ಬಾಯಿ ಬಿಟ್ಟರೆ ಎಲ್ಲ ಕೈಮೀರಿ ಹೋಗುತ್ತೆ, ಗಂಡ ಜೈಲಿಗೆ, ತಾನು ಊರಿಗೆ ಅನ್ನುವ ಭಯದಲ್ಲೇ ನಮ್ಮ ಹುಡುಗಿಯರು ದಿನ ತಳ್ಳುತ್ತಾರೆ. ಹಾಗೆ ಆಗಲೇಬೇಕು ಅಂತ ಏನೂ ಇಲ್ಲ. ಸಹಾಯವಾಣಿಗೆ ಫೋನ್ ಮಾಡಿದರೆ ಅದು ದೂರು ಕೊಟ್ಟ ಹಾಗಲ್ಲ. ನಿಜವಾದ ಹೆಸರು ಹೇಳಬೇಕಿಲ್ಲ. ಗಂಡನನ್ನು ಬಿಟ್ಟು ಬಾ ಅಂತ ಯಾರೂ ಒತ್ತಾಯ ಮಾಡುವುದಿಲ್ಲ. ಈಗ ಸುರಕ್ಷಿತವಾಗಿದ್ದೀರಾ ಅಂತ ಮೊದಲು ಕೇಳುತ್ತಾರೆ, ಆಮೇಲೆ ನೀವು ಹೇಳಿದ್ದನ್ನು ಕೇಳಿಸಿಕೊಳ್ಳುತ್ತಾರೆ.

ನಿಮ್ಮ ಊರಿಗೆ ಹತ್ತಿರ ಇರುವುದು ಮೈತ್ರಿ. 1991ರಲ್ಲಿ ನಮ್ಮ ಕಡೆಯ ಹೆಂಗಸರೇ ಸೇರಿ ಕಟ್ಟಿದ ಸಂಸ್ಥೆ. ನಂಬರ್ 1-888-862-4874. ಅತ್ತೆ, ನಾದಿನಿ, ಜಾತಕ, 'ಜನ ಏನಂತಾರೆ' ಇವನ್ನೆಲ್ಲ ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲೇ ಬೇ ಏರಿಯಾದಲ್ಲಿ ನಾರಿಕಾ ಕೂಡ ಇದೆ. ನಾಳೆ ಬೇರೆ ರಾಜ್ಯಕ್ಕೆ ಹೋದರೂ ನ್ಯೂಯಾರ್ಕಿನಲ್ಲಿ ಸಖಿ, ನ್ಯೂಜೆರ್ಸಿಯಲ್ಲಿ ಮಾನವಿ, ಶಿಕಾಗೋದಲ್ಲಿ ಅಪ್ನಾ ಘರ್, ಹ್ಯೂಸ್ಟನ್ನಿನಲ್ಲಿ ದಯಾ ಇವೆ. ಇಡೀ ದೇಶದ ಸಹಾಯವಾಣಿ 1-800-799-7233, ಹಗಲು ರಾತ್ರಿ ಎತ್ತುತ್ತಾರೆ. ಕನ್ನಡದಲ್ಲೇ ಮಾತಾಡಬೇಕು ಅನ್ನಿಸಿದರೆ ಇಂಟರ್‌ಪ್ರಿಟರ್ ಬೇಕು ಅಂತ ಕೇಳಿ.

ಆದರೆ ನಿಮ್ಮ ಫೋನಿನಿಂದ ಮಾಡಬೇಡಿ. ಫ್ಯಾಮಿಲಿ ಪ್ಲಾನ್ ಆತನ ಹೆಸರಿನಲ್ಲಿದ್ದರೆ ಯಾವ ನಂಬರಿಗೆ ಮಾಡಿದಿರಿ ಅಂತ ಬಿಲ್ಲಿನಲ್ಲಿ ಕಾಣಬಹುದು. ಲೊಕೇಶನ್ ಶೇರಿಂಗ್ ಆನ್ ಇರಬಹುದು, ಫೋಟೋಗಳು ಇಬ್ಬರ ಕ್ಲೌಡಿಗೂ ಹೋಗುತ್ತಿರಬಹುದು. ಅವನ್ನು ಇದ್ದಕ್ಕಿದ್ದ ಹಾಗೆ ಆಫ್ ಮಾಡಿದರೆ ಅನುಮಾನ ಬರುತ್ತದೆ, ಅದೂ ಅಪಾಯ. ಫೋನನ್ನು ಮನೆಯಲ್ಲೇ ಬಿಟ್ಟು ಲೈಬ್ರರಿಗೆ ಹೋಗಿ, ಅಲ್ಲಿಯ ಕೌಂಟರಿನಲ್ಲಿ ಒಂದು ಕಾಲ್ ಮಾಡಬೇಕು ಅಂತ ಕೇಳಿ. ನಿಮ್ಮ ಪಾಸ್‌ಪೋರ್ಟ್, ಐ-94 (ಎಲ್ಲಿಯವರೆಗೆ ಈ ದೇಶದಲ್ಲಿ ಇರಬಹುದು ಅಂತ ತಾರೀಖು ಇರುವ ದಾಖಲೆ), ಆತನ ಎಚ್-1ಬಿ ಅಪ್ರೂವಲ್, ಮದುವೆ ಸರ್ಟಿಫಿಕೇಟ್ ಇವುಗಳ ಪ್ರತಿ ಸಿಕ್ಕಿದರೆ ನಂಬಿಕಸ್ಥರ ಹತ್ತಿರ ಇಡಿ.

ಈಗ ವೀಸಾ ವಿಷಯ. ನಿಮ್ಮನ್ನು ಡಿಪೋರ್ಟ್ ಮಾಡುವ ಅಧಿಕಾರ ಗಂಡನಿಗೆ ಇಲ್ಲ. ಕಾನೂನಿನ ಪ್ರಕಾರ ಮದುವೆ ಇರುವ ತನಕ, ಆತನ ಎಚ್-1ಬಿ ಸರಿಯಾಗಿ ನಡೆಯುವ ತನಕ, ನಿಮ್ಮ ಐ-94 ತಾರೀಖಿನವರೆಗೆ ಎಚ್-4 ಉಳಿಯುತ್ತದೆ, ನೀವು ಬೇರೆ ಮನೆಯಲ್ಲಿದ್ದರೂ ಅಷ್ಟೇ. ಹಾಗಂತ ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. ಡೈವೋರ್ಸ್ ಆದರೆ ಎಚ್-4 ಮುಗಿಯುತ್ತದೆ. ಆತನ ಕೆಲಸ ಹೋದರೆ ಇಬ್ಬರಿಗೂ ಇಲ್ಲಿ ಉಳಿಯಲು ಸಾಮಾನ್ಯವಾಗಿ 60 ದಿನ ಮಾತ್ರ. ಅದಕ್ಕೇ ಯಾವ ಹೆಜ್ಜೆ ಇಡುವ ಮುಂಚೆಯೂ ನಿಮ್ಮದೇ ಇಮಿಗ್ರೇಶನ್ ವಕೀಲರನ್ನು ಕೇಳಬೇಕು. ಆತನ ಕಂಪನಿಯ ವಕೀಲರು ನಿಮ್ಮ ವಕೀಲರಲ್ಲ. ಅವರು ಎಷ್ಟೇ ನಯವಾಗಿ ಮಾತಾಡಲಿ, ಅವರಿಗೆ ಏನೂ ಹೇಳಬೇಡಿ, ಅವರು ಕೊಟ್ಟ ಕಾಗದಕ್ಕೆ ಸಹಿ ಹಾಕಬೇಡಿ. ಉಚಿತ ವಕೀಲರನ್ನು ಹುಡುಕಲು ಮೈತ್ರಿಯವರನ್ನೇ ಕೇಳಿ.

ಆ ವಕೀಲರ ಹತ್ತಿರ ಎರಡು ವಿಷಯ ಹೆಸರು ಹಿಡಿದು ಕೇಳಿ. ಒಂದು, ಐ-765ವಿ. ಎಚ್-1ಬಿ ಗಂಡನಿಂದ ಹಿಂಸೆ ಅನುಭವಿಸಿದ ಹೆಂಡತಿಗೆ ಕೆಲಸ ಮಾಡಲು ಅನುಮತಿ ಕೊಡುವ ಅರ್ಜಿ ಅದು. 2006ರಲ್ಲೇ ಕಾನೂನಿಗೆ ಸೇರಿದ್ದು, 2017ರಿಂದ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆ. ಇನ್ನೊಂದು ಯು ವೀಸಾ, ಇಂಥ ಅಪರಾಧಕ್ಕೆ ಗುರಿಯಾಗಿ ತನಿಖೆಗೆ ಸಹಕರಿಸುವವರಿಗೆ ಕೊಡುವುದು. ಅದಕ್ಕೆ ಪೊಲೀಸರ ಅಥವಾ ಅಂಥ ಇಲಾಖೆಯ ಸಹಿ ಬೇಕು. ವರ್ಷಕ್ಕೆ 10,000 ಮಾತ್ರ ಕೊಡುವುದರಿಂದ ವರ್ಷಗಟ್ಟಲೆ ಕಾಯಬೇಕು. ಗಂಡ ಗ್ರೀನ್ ಕಾರ್ಡ್ ಅಥವಾ ಸಿಟಿಜನ್ ಆಗಿದ್ದರೆ ದಾರಿ ಇನ್ನೂ ಸುಲಭ, ಆತನಿಗೆ ತಿಳಿಸದೆ ಹೆಂಡತಿಯೇ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬಹುದು. ಈ ಯಾವ ಅರ್ಜಿಯ ವಿಷಯವನ್ನೂ ಇಮಿಗ್ರೇಶನ್ ಇಲಾಖೆ ಗಂಡನಿಗೆ ಹೇಳುವಂತಿಲ್ಲ, ಅದು ಕಾನೂನು.

ರಾತ್ರಿಯ ವಿಷಯ ಬರೆಯಲು ನಿಮಗೆ ಎಷ್ಟು ಕಷ್ಟ ಆಗಿರಬೇಕು ಅಂತ ನನಗೆ ಅರ್ಥವಾಗುತ್ತದೆ. ಅದು ಅತ್ಯಾಚಾರ. ಭಾರತದ ಕಾನೂನು ಇವತ್ತಿಗೂ ಗಂಡನಿಗೆ ಅದರಲ್ಲಿ ವಿನಾಯಿತಿ ಕೊಟ್ಟಿದೆ. ಅಮೆರಿಕದಲ್ಲಿ 1993ರ ಹೊತ್ತಿಗೇ ಎಲ್ಲ ರಾಜ್ಯಗಳಲ್ಲೂ ಗಂಡ ಮಾಡಿದರೂ ಅಪರಾಧವೇ ಆಯಿತು. ಇದಕ್ಕೆ ಬೇರೆ ಸಹಾಯವಾಣಿ ಇದೆ, 1-800-656-4673. ಆಸ್ಪತ್ರೆಗೆ ಹೋಗುವುದಾದರೆ 5 ದಿನದೊಳಗೆ, ಬೇಗ ಹೋದಷ್ಟೂ ಒಳ್ಳೆಯದು. ಸ್ನಾನ ಮಾಡಿಬಿಟ್ಟಿದ್ದರೂ ಹೋಗಿ. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು. ತರಬೇತಿ ಪಡೆದ ನರ್ಸ್ ಪರೀಕ್ಷೆ ಮಾಡುತ್ತಾರೆ, ಸಾಕ್ಷ್ಯ ತೆಗೆಯುವ ಆ ಪರೀಕ್ಷೆಗೆ ದುಡ್ಡಿಲ್ಲ. ಕೇಸು ಹಾಕದಿದ್ದರೂ ಮಾಡುತ್ತಾರೆ. ಸಹಾಯ ಸಂಸ್ಥೆಯವರೊಬ್ಬರು ಪಕ್ಕದಲ್ಲಿರಲಿ ಅಂತ ಕೇಳುವ ಹಕ್ಕು ನಿಮಗಿದೆ.

ಇಲ್ಲಿ ಒಂದು ಮಾತು ಮುಚ್ಚಿಡದೆ ಹೇಳಬೇಕು. ಕ್ಯಾಲಿಫೋರ್ನಿಯಾದಲ್ಲಿ ಹೊಡೆತದ ಗಾಯಕ್ಕೆ ಚಿಕಿತ್ಸೆ ಕೊಟ್ಟ ಡಾಕ್ಟರು ಪೊಲೀಸರಿಗೆ ತಿಳಿಸಲೇಬೇಕು. ಆದರೆ ಪೊಲೀಸರು ಬಂದರೂ ನೀವು ಮಾತಾಡಲೇಬೇಕು ಅಂತಿಲ್ಲ. ಹೋಗುವ ಮುಂಚೆ ಸಹಾಯವಾಣಿಗೆ ಫೋನ್ ಮಾಡಿದರೆ ಏನಾಗುತ್ತದೆ ಅಂತ ಮೊದಲೇ ತಿಳಿದಿರುತ್ತದೆ.

ಕೋರ್ಟು ಅಂದರೆ ಬರೀ ಜೈಲಲ್ಲ. ರಿಸ್ಟ್ರೇನಿಂಗ್ ಆರ್ಡರ್ ಅನ್ನುವುದು ಆತ ನಿಮಗೆ ತೊಂದರೆ ಕೊಡದ ಹಾಗೆ ಕೋರ್ಟು ತಡೆಯುವ ಸಿವಿಲ್ ಆದೇಶ. ಫೀಸ್ ಇಲ್ಲ, ವಕೀಲರಿಲ್ಲದೆಯೂ ಕೇಳಬಹುದು, ಕೋರ್ಟೇ ಇಂಟರ್‌ಪ್ರಿಟರ್ ಕೊಡುತ್ತದೆ. ಮನೆ ಬಿಟ್ಟು ಹೋಗು ಅಂತ ಜಡ್ಜ್ ಆತನಿಗೇ ಹೇಳಬಹುದು. ಹೊಡೆದಿರಲೇಬೇಕು ಅಂತಲೂ ಇಲ್ಲ. ಹಣ ಕೊಡದೆ ಕಟ್ಟಿಹಾಕುವುದು, ಜನರಿಂದ ದೂರ ಇಡುವುದು, ವೀಸಾ ಹೆಸರಲ್ಲಿ ಹೆದರಿಸುವುದು ಇವೂ ಹಿಂಸೆಯೇ ಅಂತ ಕ್ಯಾಲಿಫೋರ್ನಿಯಾ 2021ರಿಂದ ಕಾನೂನಿನಲ್ಲಿ ಬರೆದಿದೆ. ಆದೇಶವನ್ನು ಆತ ಮುರಿದರೆ ಮಾತ್ರ ಅದು ಕ್ರಿಮಿನಲ್ ಆಗುತ್ತದೆ.

'ಅಮ್ಮನ ಮನೆಗೆ ಒಂದು ಸಲ ಹೋಗಿ ಬರೋಣ' ಅಂತ ಆತ ಇದ್ದಕ್ಕಿದ್ದ ಹಾಗೆ ಟಿಕೆಟ್ ತೆಗೆದರೆ ತುಂಬ ಹುಷಾರಾಗಿರಿ. ಹೆಂಡತಿಯನ್ನು ಊರಿನಲ್ಲಿ ಬಿಟ್ಟು, ಪಾಸ್‌ಪೋರ್ಟ್ ಹಿಡಿದುಕೊಂಡು ಒಬ್ಬರೇ ವಾಪಸ್ ಬರುವವರು ಇದ್ದಾರೆ. ಹಾಗೇನಾದರೂ ಆದರೆ ತವರಿನ ಊರಿನಲ್ಲೇ ದೂರು ಕೊಡಬಹುದು ಅಂತ ಭಾರತದ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಪಾಸ್‌ಪೋರ್ಟ್ ಸಿಗದೇ ಹೋಗಿ ನೀವು ಇಲ್ಲೇ ಇದ್ದರೆ ಸ್ಯಾನ್ ಫ್ರಾನ್ಸಿಸ್ಕೋದ ಭಾರತೀಯ ಕಾನ್ಸುಲೇಟಿನಲ್ಲಿ ಹೊಸದಕ್ಕೆ ಅರ್ಜಿ ಹಾಕಬಹುದು.

ಕನ್ನಡ ಕೂಟದ ಹಿರಿಯರು ಯಾರಾದರೂ 'ನಾನು ಅವನ ಜೊತೆ ಮಾತಾಡ್ತೀನಿ' ಅಂದರೆ ಬೇಡ ಅನ್ನಿ. ಅವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಅವರು ಮಾತಾಡಿ ಮನೆಗೆ ಹೋದ ಮೇಲೆ ಆ ರಾತ್ರಿ ಆತನ ಜೊತೆ ಒಳಗೆ ಇರಬೇಕಾದವರು ನೀವು.

ಆತ ಮತ್ತೆ ಕೈ ಎತ್ತಿ ಜೀವಕ್ಕೆ ಭಯ ಆದರೆ ಇದ್ಯಾವುದನ್ನೂ ಲೆಕ್ಕ ಹಾಕುತ್ತ ಕೂರಬೇಡಿ. ತುರ್ತು ನಂಬರ್ 911ಕ್ಕೆ ಫೋನ್ ಮಾಡಿ. ಮೊದಲು ವಿಳಾಸ ಹೇಳಿ, ಅಪಾರ್ಟ್‌ಮೆಂಟ್ ನಂಬರ್ ಸಮೇತ. ಪೊಲೀಸರು ಬಂದಾಗ ಗಂಡನೇ ನಿಮ್ಮ ಪರವಾಗಿ ಇಂಗ್ಲಿಷಿನಲ್ಲಿ ಮಾತಾಡಲು ಬಿಡಬೇಡಿ, ಬೇರೆ ರೂಮಿನಲ್ಲಿ ಇಂಟರ್‌ಪ್ರಿಟರ್ ಮೂಲಕ ಹೇಳುತ್ತೇನೆ ಅನ್ನಿ. ಕತ್ತು ಹಿಸುಕಿದ್ದರೆ ಅದನ್ನು ಖಂಡಿತ ಹೇಳಿ. ಹೊರಗೆ ಗುರುತು ಕಾಣದಿದ್ದರೂ ಒಳಗೆ ಪೆಟ್ಟಾಗಿರಬಹುದು, ಅವತ್ತೇ ಡಾಕ್ಟರಿಗೆ ತೋರಿಸಬೇಕು.

ಮೊದಲ ಫೋನ್ ಒಬ್ಬರೇ ಮಾಡಲು ಧೈರ್ಯ ಬರದಿದ್ದರೆ ಲೈಬ್ರರಿಯಿಂದಲೇ ನನಗೆ ಬರೆಯಿರಿ. ಯಾವ ಲೈಬ್ರರಿ, ಎಷ್ಟು ಹೊತ್ತಿಗೆ ಅಂತ ಹೇಳಿ. ನಾನು ಬಂದು ಪಕ್ಕದಲ್ಲಿ ಕೂರುತ್ತೇನೆ, ಮಾತು ನೀವೇ ಆಡಿ.