ಸಾಹಿತ್ಯ ಅಧ್ಯಯನ ಸಂಘದ ನೋಂದಣಿ ಅರ್ಜಿ ವಾಪಸಾದ ಬಗ್ಗೆ

ತೀರ್ಥಹಳ್ಳಿಯ ನಿಮ್ಮ ಸಂಘದ ಅರ್ಜಿ ಶಿವಮೊಗ್ಗದಿಂದ ವಾಪಸಾಗಲು ಬಹುಶಃ ನೀವು ಬರೆದಿರುವ ಕೊನೆಯ ಉದ್ದೇಶವೇ ಕಾರಣ: ‘ಪುಸ್ತಕ ಮಾರಾಟದ ಲಾಭವನ್ನು ಸದಸ್ಯರಿಗೆ ಹಂಚುವುದು’. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಲ್ಲಿ ಸಾಹಿತ್ಯ ಪ್ರಸಾರಕ್ಕೆ ಜಾಗವಿದೆ, ಲಾಭ ಹಂಚಿಕೆಗಿಲ್ಲ. ಮೊದಲು ಆ ಸಾಲನ್ನು ತೆಗೆದು, ಬಂದ ಹಣವೆಲ್ಲ ಸಂಘದ ಕೆಲಸಕ್ಕೇ ವಿನಿಯೋಗ ಎಂದು ಬರೆಯಿರಿ.

ಆಮೇಲೆ ಸಹಿಗಳನ್ನು ನೋಡಿ. ಕನಿಷ್ಠ 7 ಮಂದಿ ಬೇಕು. ನಿಮ್ಮ ಏಳರಲ್ಲಿ ಒಬ್ಬ ಪಿಯುಸಿ ಹುಡುಗ ಎಂದಿದ್ದೀರಿ. ಅವನಿಗೆ 18 ತುಂಬಿರದಿದ್ದರೆ ಇನ್ನೊಬ್ಬರನ್ನು ಸೇರಿಸಿಕೊಳ್ಳಿ.

ಹಿಂಬರಹದ (ಅರ್ಜಿ ವಾಪಸು ಮಾಡುವಾಗ ಕಚೇರಿ ಕಾರಣ ಬರೆದು ಕೊಡುವ ಟಿಪ್ಪಣಿಯ) ಒಕ್ಕಣೆಯನ್ನು ನೀವು ತಿಳಿಸಿಲ್ಲ, ಹಾಗಾಗಿ ಸಂಘದ ಹೆಸರೂ ತೊಡಕಾಗಿರಬಹುದು. ಈಗಾಗಲೇ ನೋಂದಾಯಿತ ಸಂಘದ ಹೆಸರನ್ನು ಹೋಲುವಂತಿಲ್ಲ. (ಕುವೆಂಪು ಹೆಸರಿಡಲು ಆಸೆ ಪಡದವರು ನಮ್ಮ ಕಡೆ ಯಾರಿದ್ದಾರೆ!) ಪರ್ಯಾಯ ಹೆಸರೊಂದನ್ನು ಯೋಚಿಸಿಟ್ಟುಕೊಂಡು, ಹಿಂಬರಹದ ಪ್ರತಿಯೊಂದಿಗೆ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗಳ ಕಚೇರಿಗೆ ತಿದ್ದಿದ ಅರ್ಜಿ ಸಲ್ಲಿಸಿ.