ಓಟದಲ್ಲಿ ಸೋತೆ ಅಂತ ಓಟವನ್ನೇ ಜಾಸ್ತಿ ಮಾಡಬೇಡಿ

ಮೊದಲ ಸ್ಪ್ರಿಂಟ್ ಟ್ರಯಥ್ಲಾನ್, ಅಂದರೆ ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮಾಡುವ ಸ್ಪರ್ಧೆ, ಮುಗಿಸಿದ್ದೀರಿ. 750 ಮೀಟರ್ ಈಜಿನಲ್ಲಿ ಉಸಿರು ಕಟ್ಟಿತು, 20 ಕಿ.ಮೀ. ಸೈಕಲ್ ಚೆನ್ನಾಗಿ ಹೋಯಿತು, 5 ಕಿ.ಮೀ. ಓಟದಲ್ಲಿ ಅರ್ಧ ದೂರ ನಡೆದುಬಿಟ್ಟೆ ಅಂತ ಬರೆದಿದ್ದೀರಿ. ಮುಂದಿನದಕ್ಕೆ ನಾಲ್ಕು ತಿಂಗಳಿದೆ, ಓಟ ಜಾಸ್ತಿ ಮಾಡಲೇ ಎಂಬುದು ನಿಮ್ಮ ಪ್ರಶ್ನೆ.

ಮೊದಲು ಅಭಿನಂದನೆ. ನಡೆದಾದರೂ ಮುಗಿಸಿದಿರಲ್ಲ, ಅದು ಸಣ್ಣ ಮಾತಲ್ಲ. ನಾನು ಬಳ್ಳಾರಿಯವನು. ನನ್ನ ಮೊದಲನೆಯದೂ ಹೆಚ್ಚುಕಡಿಮೆ ಹೀಗೇ ಆಗಿತ್ತು. ಮನೆಗೆ ಬಂದು ಒಂದು ತಿಂಗಳು ಬರೀ ಓಡಿದೆ. ಏನೂ ಉಪಯೋಗ ಆಗಲಿಲ್ಲ. ನನ್ನ ಓಟ ಕೆಟ್ಟಿದ್ದು ಓಡುವಾಗ ಅಲ್ಲ, ಸೈಕಲ್ ಮೇಲಿದ್ದಾಗಲೇ. ಅದು ಗೊತ್ತಾಗಲು ನನಗೆ ತಿಂಗಳುಗಳೇ ಬೇಕಾದವು.

ಅವತ್ತು ಯಾರೋ ಪಕ್ಕದಲ್ಲಿ ದಾಟಿಹೋದರೆ ಸಾಕು, ನಾನೂ ಭಾರದ ಗೇರ್ ಹಾಕಿ ಬೆನ್ನಟ್ಟುತ್ತಿದ್ದೆ. ಸೈಕಲ್ ಇಳಿದಾಗ ತೊಡೆ ಕಲ್ಲಾಗಿತ್ತು. ಬಾಟಲಿ ನೋಡಿದರೆ ಮುಕ್ಕಾಲು ಭಾಗ ನೀರು ಹಾಗೇ ಇತ್ತು. ನಿಮ್ಮ ಸೈಕಲ್ 'ಚೆನ್ನಾಗಿ ಹೋಯಿತು' ಅಂದಿರಲ್ಲ, ನನಗೆ ಅನುಮಾನ ಇರುವುದು ಅಲ್ಲೇ. ಅಷ್ಟು ಚೆನ್ನಾಗಿ ಹೋಗಬಾರದಿತ್ತೋ ಏನೋ. ಸೈಕಲ್ ಮೇಲೆ ಒಂದು ಸಣ್ಣ ವಾಕ್ಯ ಪೂರ್ತಿ ಹೇಳಲು ಆಗುವಷ್ಟು ಉಸಿರು ಇರಬೇಕು. ಇಲ್ಲವೆಂದರೆ ಓಟಕ್ಕೆ ಇಟ್ಟ ಶಕ್ತಿಯನ್ನು ಅಲ್ಲೇ ಖರ್ಚು ಮಾಡುತ್ತಿದ್ದೀರಿ ಅಂತ ಅರ್ಥ.

ನಮ್ಮ ಕಡೆ ಇದನ್ನು ಕಲಿಸುವುದು ಗಾಳಿ. ಜೂನ್, ಜುಲೈನಲ್ಲಿ ಮಳೆ ಕಡಿಮೆ, ಪಡುವಣ ಗಾಳಿ ಜೋರು. ಎರೆ ಹೊಲಗಳ ನಡುವಿನ ರಸ್ತೆಯಲ್ಲಿ ಒಂದು ಮರದ ಮರೆಯೂ ಇರುವುದಿಲ್ಲ. ಗಾಳಿ ಬೆನ್ನಿಗಿದ್ದಾಗ ಖುಷಿಯಿಂದ ದೂರ ಹೋಗಿ, ವಾಪಸ್ ಬರುವಾಗ ಅರ್ಧ ವೇಗಕ್ಕೆ ಇಳಿದು ಒದ್ದಾಡಿದ್ದೇನೆ. ಈಗ ಹೋಗುವಾಗಲೇ ಗಾಳಿಗೆ ಎದುರಾಗಿ ಹೋಗುತ್ತೇನೆ. ಹಗುರ ಗೇರ್, ವೇಗ ಎಷ್ಟಾದರೂ ಆಗಲಿ, ಕಾಲಿನ ಮೇಲೆ ಬೀಳುವ ಭಾರ ಮಾತ್ರ ಒಂದೇ ಸಮ ಇರಬೇಕು. ಹೊಸಪೇಟೆ ರಸ್ತೆಯಲ್ಲಿ ಲಾರಿ ಜಾಸ್ತಿ, ಹಾಗಾಗಿ ಬೆಳಗಿನ ಜಾವ ಸಂಗನಕಲ್ಲು ಕಡೆ ಹೋಗುತ್ತೇನೆ.

ಇನ್ನು ನೀರಿನ ವಿಷಯ. ಇದನ್ನು ಅಂದಾಜಿನಲ್ಲಿ ಬಿಡಬೇಡಿ, ತೂಗಿ ನೋಡಿ. ನಮ್ಮ ದೊಡ್ಡಪ್ಪನ ಅಂಗಡಿಯಲ್ಲಿ ಮೆಣಸಿನಕಾಯಿ ಚೀಲ ತೂಗುವ ಕಾಟಾ ಇದೆ. ಏಪ್ರಿಲ್ ತಿಂಗಳ ಒಂದು ಬೆಳಗ್ಗೆ ಸೈಕಲ್ ಹತ್ತುವ ಮುಂಚೆ ಅದರ ಮೇಲೆ ನಿಂತೆ, 64.2 ಕೆಜಿ. ಒಂದು ಗಂಟೆ ತುಳಿದು ಬಂದು, ಬೆವರು ಒರೆಸಿಕೊಂಡು ಮತ್ತೆ ನಿಂತೆ, 63.1. ನಡುವೆ 400 ಎಂಎಲ್ ನೀರು ಕುಡಿದಿದ್ದೆ. ಅಂದರೆ ಒಂದೇ ಗಂಟೆಯಲ್ಲಿ ಹತ್ತಿರ ಹತ್ತಿರ ಒಂದೂವರೆ ಲೀಟರ್ ಬೆವರು. ದೊಡ್ಡಪ್ಪ 'ಕಾಟಾ ಕೆಟ್ಟಿದೆಯೇನೋ' ಅಂತ ಒಂದು ಚೀಲ ಇಟ್ಟು ಪರೀಕ್ಷೆ ಮಾಡಿದರು. ಕೆಟ್ಟಿರಲಿಲ್ಲ.

ಅಷ್ಟನ್ನೂ ಕುಡಿದು ತುಂಬಿಸಬೇಕಿಲ್ಲ, ಹೊಟ್ಟೆ ಕುಲುಕುತ್ತದೆ. ನಾನು ಒಂದು ಪ್ಯಾಕೆಟ್ ಓಆರ್‌ಎಸ್ಸನ್ನು ಒಂದು ಲೀಟರ್ ನೀರಿಗೆ ಹಾಕಿ, ಸೈಕಲ್ ಮೇಲೆ ಹತ್ತು ನಿಮಿಷಕ್ಕೆ ಎರಡು ಮೂರು ಗುಟುಕು ಕುಡಿಯುತ್ತೇನೆ. ಓಡುವಾಗ ಕುಡಿದುಕೊಂಡರಾಯ್ತು ಅಂದುಕೊಂಡರೆ ತಡವಾಗಿರುತ್ತದೆ. ಮೈ ಬಿಸಿಲಿಗೆ ಹೊಂದಿಕೊಳ್ಳಲು ಸುಮಾರು ಎರಡು ವಾರ ಬೇಕು, ಅಲ್ಲಿಯವರೆಗೆ ವೇಗದ ಆಸೆ ಬಿಡಿ. ಏಪ್ರಿಲ್, ಮೇನಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುವುದು ಮಾಮೂಲಿ, ಎಂಟು ಗಂಟೆಯೊಳಗೆ ಮನೆ ಸೇರಿ.

ವಾರಕ್ಕೊಮ್ಮೆ ಸೈಕಲ್ ಇಳಿದ ತಕ್ಷಣ ಓಡಿ. ಇದಕ್ಕೆ ಬ್ರಿಕ್ ಅನ್ನುತ್ತಾರೆ. ಓಟದ ಶೂ ಮನೆ ಕಟ್ಟೆ ಮೇಲೆ ಇಟ್ಟೇ ಹೊರಡುತ್ತೇನೆ. ಬಂದವನೇ ಸೈಕಲ್ ಒರಗಿಸಿ, ಶೂ ಬದಲಿಸಿ ಹತ್ತು ನಿಮಿಷ ಓಟ. ಮೊದಮೊದಲು ಮೊಣಕಾಲು ಮೇಲೆ ಏಳುವುದೇ ಇಲ್ಲ, ಹೆಜ್ಜೆ ಗಿಡ್ಡ ಬೀಳುತ್ತದೆ. ಬೀಳಲಿ, ಗಿಡ್ಡ ಹೆಜ್ಜೆಯನ್ನೇ ಬೇಗ ಬೇಗ ಇಡಿ. ನನಗೆ ಆರಂಭದಲ್ಲಿ ಕಾಲು ಸಡಿಲವಾಗಲು ಐದಾರು ನಿಮಿಷ ಬೇಕಾಗುತ್ತಿತ್ತು, ಎರಡು ತಿಂಗಳಲ್ಲಿ ಅದು ಎರಡೇ ನಿಮಿಷಕ್ಕೆ ಬಂತು.

ಈಜಿನದೂ ಇದೇ ಕಥೆ. ನಿಮಗೆ ದಮ್ಮು ಕಡಿಮೆ ಅಂತ ನನಗೆ ಅನಿಸುವುದಿಲ್ಲ. 25 ಮೀಟರ್ ಕೊಳದಲ್ಲಿ 750 ಮೀಟರ್ ಅಂದರೆ 30 ಸುತ್ತು. ನಡುವೆ 29 ಸಲ ಗೋಡೆ ಸಿಗುತ್ತದೆ. ಪ್ರತಿ ಸಲವೂ ಒಂದು ಉಸಿರು, ಕಾಲಲ್ಲಿ ಒಂದು ಒದೆತ, ಪುಕ್ಕಟೆ ಮೂರು ಮೀಟರ್. ಸ್ಪರ್ಧೆಯ ದಿನ ಕೆರೆಯಲ್ಲಿ ಗೋಡೆ ಎಲ್ಲಿದೆ? ಅದಕ್ಕೇ ಗೋಡೆ ಇನ್ನೂ ಎರಡು ಮೀಟರ್ ಇರುವಾಗಲೇ, ಮುಟ್ಟದೆ ತಿರುಗಿ. ಎಂಟು ಕೈ ಹಾಕಿದ ಮೇಲೆ ಒಮ್ಮೆ ತಲೆಯೆತ್ತಿ ಮುಂದೆ ನೋಡಿ. ಮೊದಲ ನೂರು ಮೀಟರ್ ಬೇಕಂತಲೇ ನಿಧಾನ ಹೋಗಿ, ಉಸಿರನ್ನು ನೀರೊಳಗೇ ಪೂರ್ತಿ ಬಿಡಿ. ಗೆಳೆಯರಿದ್ದರೆ ಒಂದೇ ಲೇನಿನಲ್ಲಿ ಮೂವರು ಒಟ್ಟಿಗೆ ಹೊರಡಿ. ಕೈಕಾಲು ತಾಗಿದರೆ ಗಾಬರಿ ಆಗದಿರುವುದು ಹೀಗೇ ರೂಢಿಯಾಗಬೇಕು.

ಒಂದು ಮಾತು ಕೈಮುಗಿದು ಹೇಳುತ್ತೇನೆ. ಅಭ್ಯಾಸಕ್ಕೆ ಅಂತ ತುಂಗಭದ್ರಾ ಕಾಲುವೆಗೆ ಇಳಿಯಬೇಡಿ. ಸೆಳೆತ ಜೋರು, ಇಳಿಜಾರು ಗೋಡೆಗೆ ಪಾಚಿ, ಹತ್ತಲು ಹಿಡಿತವೇ ಸಿಗುವುದಿಲ್ಲ. ಹೊಳೆಯಲ್ಲಿ ಬಂಡೆಗಳ ನಡುವೆ ಸುಳಿ ಇದೆ, ಮೊಸಳೆಯೂ ಇವೆ. ಕಾವಲಿಗೆ ಜನ, ದೋಣಿ ಇರುವ ಕಡೆ ಮಾತ್ರ ಕೆರೆ ಈಜು.

ವಾರದ ಲೆಕ್ಕ ಸರಳ: ಎರಡು ಈಜು, ಎರಡು ಸೈಕಲ್, ಎರಡು ಓಟ. ಸೈಕಲ್‌ನಲ್ಲಿ ಒಂದು ಬ್ರಿಕ್ ಆಗಿರಲಿ. ಒಂದು ದಿನ ಪೂರ್ತಿ ರಜೆ, ಪ್ರತಿ ನಾಲ್ಕನೇ ವಾರ ಎಲ್ಲವೂ ಕಡಿಮೆ. ಅಂದ ಹಾಗೆ ಹೆಲ್ಮೆಟ್ ಪಟ್ಟಿ ಬಿಗಿದ ಮೇಲೇ ಸೈಕಲ್ ಮುಟ್ಟುವುದನ್ನು ಮನೆಯಲ್ಲೇ ರೂಢಿ ಮಾಡಿಕೊಳ್ಳಿ, ಅದು ಸ್ಪರ್ಧೆಯ ನಿಯಮ.

ಈ ವಾರವೇ ಒಮ್ಮೆ ತೂಗಿ ನೋಡಿ. ನಿಮ್ಮ ಒಂದು ಗಂಟೆಯ ಬೆವರು ಎಷ್ಟು ಬಂತು ಅಂತ ಇಲ್ಲೇ ಬರೆಯಿರಿ, ಅದನ್ನು ನೋಡಿಕೊಂಡು ಬಾಟಲಿ ಎಷ್ಟು ಬೇಕು ಅಂತ ಲೆಕ್ಕ ಹಾಕೋಣ.