ಪ್ರಕರಣ: ಅಪ್ಪನ ಪ್ರಾರ್ಥನೆಯಲ್ಲಿ ತಪ್ಪು ಹುಡುಕುವ ಮಗ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಯಾವ ಧರ್ಮದ ಮನೆ ಅನ್ನೋದನ್ನೂ ಬರೆದಿಲ್ಲ. ಬರೆದರೆ "ಓ, ಅವರಾ" ಅಂತ ಓದುವವರು ಮುಂದೆ ಹೋಗಿಬಿಡುತ್ತಾರೆ.

ನನ್ನ ಹತ್ತಿರ ಸಲಹೆ ಕೇಳಲು ಮೊದಲು ಬಂದವರು ತಾಯಿ. ಮಗ ಕೆಲಸ ಹೋಗಿ ಮನೆಯಲ್ಲಿ ಕೂತಿದ್ದಾಗ ಒಬ್ಬ ಗುರುಗಳ ಪ್ರವಚನ ಕೇಳಲು ಶುರು ಮಾಡಿದ. ಕುಡಿತ ಬಿಟ್ಟ, ಬೆಳಿಗ್ಗೆ ಬೇಗ ಏಳತೊಡಗಿದ. ಇದೆಲ್ಲ ಒಳ್ಳೆಯದೇ ಅಲ್ವಾ? ಆದರೆ ಅದರ ಜೊತೆಗೆ ಮನೆಯವರ ಭಕ್ತಿಯೆಲ್ಲ ಬರೀ ಅಜ್ಞಾನ ಅಂತಲೂ ಅನ್ನಿಸತೊಡಗಿತು. ಒಂದು ಬೆಳಿಗ್ಗೆ ಅಪ್ಪ ಪ್ರಾರ್ಥನೆ ಹೇಳುತ್ತಿದ್ದಾಗ ಬಾಗಿಲಲ್ಲಿ ನಿಂತು, "ಅದು ಹಾಗಲ್ಲ, ಉಚ್ಚಾರ ತಪ್ಪು. ಅರ್ಥವಾದರೂ ಗೊತ್ತಾ ನಿಮಗೆ?" ಅಂದ. ಅಪ್ಪ ಪುಸ್ತಕ ಮುಚ್ಚಿದರು, ಕನ್ನಡಕ ತೆಗೆದು ಅದರ ಮೇಲಿಟ್ಟು ಎದ್ದು ಹೋದರು. ಮಾರನೇ ದಿನದಿಂದ ಒಳಗಿನಿಂದ ಚಿಲಕ ಹಾಕಿಕೊಂಡೇ ಪ್ರಾರ್ಥನೆ. ಮಾತುಕತೆ ನಿಂತಿತು. ಏನೇ ಇದ್ದರೂ ಅಮ್ಮನ ಮೂಲಕ.

"ಸತ್ಯ ಹೇಳೋದು ತಪ್ಪಾ ಮೇಡಂ?" ಅಂತ ಮಗ ನನ್ನನ್ನೇ ಕೇಳಿದ. ಅವನ ನಂಬಿಕೆ ಸರಿಯೋ ತಪ್ಪೋ ಹೇಳೋದು ನನ್ನ ಕೆಲಸವಲ್ಲ. "ಗುರುಗಳ ಮುಂದೆ ಹೇಗೆ ಕೂರುತ್ತೀಯ?" ಅಂದೆ. ಕೈ ಕಟ್ಟಿ, ನೆಲದ ಮೇಲೆ. "ಅಪ್ಪನ ಮುಂದೆ?" ಸುಮ್ಮನಾದ.

ಗುರುಗಳ ಮುಂದೆ ತಲೆಬಾಗುವುದು ಸುಲಭ. ನಮಗಿಂತ ಕಡಿಮೆ ತಿಳಿದವರು ಅಂತ ನಾವೇ ಅಂದುಕೊಂಡವರ ಎದುರಲ್ಲೂ ವಿನಯ ಉಳಿಯುತ್ತಾ ಅನ್ನೋದು ಪ್ರಶ್ನೆ, ಧರ್ಮಗ್ರಂಥಗಳು ಪಟ್ಟು ಹಿಡಿಯುವುದೂ ಇಲ್ಲೇ. ಗೀತೆಯ 13ನೇ ಅಧ್ಯಾಯದಲ್ಲಿ ಜ್ಞಾನದ ಲಕ್ಷಣ ಹೇಳುವಾಗ ಮೊದಲು ಬರುವುದು ಅಮಾನಿತ್ವ, ಅಂದರೆ ದೊಡ್ಡಸ್ತಿಕೆ ಇಲ್ಲದಿರುವುದು. ಯೇಸು ಹೇಳಿದ ಕಥೆಯಲ್ಲಿ ಉಪವಾಸ, ದಾನ ಎಲ್ಲ ಸರಿಯಾಗಿ ಮಾಡುವ ಫರಿಸಾಯನೊಬ್ಬ (ಕಟ್ಟುನಿಟ್ಟಾಗಿ ನಿಯಮ ಪಾಲಿಸುವ ಯಹೂದಿ ಪಂಥದವನು), ಜನ ಪಾಪಿಯೆಂದೇ ಕಾಣುತ್ತಿದ್ದ ಈ ಸುಂಕದವನ ಥರ ನಾನಿಲ್ಲವಲ್ಲ ಅಂತ ದೇವರಿಗೆ ಕೃತಜ್ಞತೆ ಹೇಳುತ್ತಾನೆ, ಆದರೆ ದೇವರಿಗೆ ಒಪ್ಪಿಗೆಯಾಗಿ ಮನೆಗೆ ಹೋಗುವವನು ಆ ಸುಂಕದವನೇ. ಕುರಾನಿನ 31ನೇ ಅಧ್ಯಾಯವಂತೂ ನೇರವಾಗಿ ಈ ಮನೆಗೇ ಹೇಳಿದಂತಿದೆ: ನಂಬಿಕೆಯ ವಿಷಯದಲ್ಲಿ ತಂದೆತಾಯಿ ಒತ್ತಾಯ ಮಾಡಿದರೆ ಒಪ್ಪಬೇಡ, ಆದರೂ ಅವರ ಜೊತೆ ಚೆನ್ನಾಗಿಯೇ ಬಾಳು.

ಹುಡುಗನಿಗೆ ನಾಟಿದ್ದು ಬೌದ್ಧ ಗ್ರಂಥದ ಉಪಾಲಿಯ ಕಥೆ. ಜೈನ ಮುನಿಗಳ ಭಕ್ತನಾಗಿದ್ದ ಈ ಗೃಹಸ್ಥ ಬುದ್ಧನ ಜೊತೆ ವಾದಕ್ಕೆ ಹೋಗಿ, ಸೋತು, ಅವನ ಅನುಯಾಯಿಯೇ ಆದ. ಬುದ್ಧ ಖುಷಿಯಿಂದ ಊರಿಗೆಲ್ಲ ಸಾರಲಿಲ್ಲ. ಚೆನ್ನಾಗಿ ಯೋಚಿಸು ಅಂದ. ಇಷ್ಟು ಕಾಲ ನಿನ್ನ ಮನೆ ಆ ಮುನಿಗಳಿಗೆ ಆಸರೆಯಾಗಿತ್ತು, ಅವರು ಬಂದರೆ ಭಿಕ್ಷೆ ಕೊಡುವುದನ್ನು ನಿಲ್ಲಿಸಬೇಡ ಅಂತಲೂ ಹೇಳಿದ. "ಗೆದ್ದ ಮೇಲೂನಾ?" ಅಂದ ಹುಡುಗ.

ಅವನಿಗೆ ಕೊಟ್ಟ ಸಲಹೆ: ಕೇಳದ ಹೊರತು ಮನೆಯಲ್ಲಿ ಯಾರನ್ನೂ ತಿದ್ದಬೇಡ. ಕ್ಷಮೆ ಕೇಳುವಾಗ "ನೀವು ಹೇಳಿದ್ದು ತಪ್ಪೇ, ಆದರೂ..." ಅಂತ ಶುರು ಮಾಡಬೇಡ. ಆ ಪ್ರಾರ್ಥನೆಯನ್ನು ಅಪ್ಪನಿಗೆ ಯಾರು ಕಲಿಸಿದ್ದು ಅಂತ ಕೇಳು, ಉತ್ತರ ಮುಗಿಯೋವರೆಗೆ ಸುಮ್ನೆ ಕೂತಿರು.

ಅಪ್ಪನೂ ಏನು ಕಡಿಮೆಯಿರಲಿಲ್ಲ. ನೆಂಟರ ಮುಂದೆ "ನಮ್ಮನೆ ಮಹಾಜ್ಞಾನಿ" ಅಂತ ಹಂಗಿಸುತ್ತಿದ್ದರು. ಅದು ನಿಲ್ಲಬೇಕು, ಮಗ ಕುಡಿತ ಬಿಟ್ಟಿದ್ದನ್ನು ಒಮ್ಮೆಯಾದರೂ ಬಾಯಿಬಿಟ್ಟು ಮೆಚ್ಚಬೇಕು ಅಂದೆ. ಇದು ಅವರಿಗೆ ಜಾಸ್ತಿ ಕಷ್ಟವಾಯಿತು. ಅಮ್ಮನಿಗೆ ಹೇಳಿದ್ದು ಒಂದೇ, ಇವರ ಮಾತನ್ನು ಅವರಿಗೆ ಮುಟ್ಟಿಸುವುದನ್ನು ಬಿಟ್ಟುಬಿಡಿ.

ವಿನಯ ಅಂದರೆ ಒಪ್ಪದಿದ್ದರೂ ತಲೆಯಾಡಿಸುವುದಲ್ಲ ಅಂತಲೂ ಮಗನಿಗೆ ಹೇಳಿದೆ. ಮನಸ್ಸಿಗೆ ಬಾರದ ಆಚರಣೆಯಲ್ಲಿ ಕೂರಬೇಕಾಗಿಲ್ಲ, ಆದರೆ ಆ ದಿನ ಎಲ್ಲರೆದುರು ಎದ್ದು ಹೋಗಬಾರದು, ಮುಂಚೆಯೇ ತಾನೇ ಹೇಳಬೇಕು.

ಮಗ ಕ್ಷಮೆ ಕೇಳಿದ್ದಾನೆ. ಅಪ್ಪ "ಆಯ್ತು" ಅಂದರಂತೆ, ಅಷ್ಟೇ. ಬರುವ ತಿಂಗಳು ಮನೆಯಲ್ಲಿ ಒಂದು ಕಾರ್ಯವಿದೆ. ತಾನು ಅದರಲ್ಲಿ ಕೂರುವುದಿಲ್ಲ ಅಂತ ಅಪ್ಪನಿಗೆ ಇನ್ನೂ ಹೇಳಿಲ್ಲ. ಅಮ್ಮನ ಹತ್ತಿರ ಹೇಳಿಸಲಾ ಅಂತ ಮೊನ್ನೆ ಕೇಳಿದ. ಬೇಡ ಅಂದೆ.